ಕಡೆಯ ಪಂಕ್ತಿಯ ಊಟ



ಮನೆಯಲ್ಲಿ ಎಲ್ಲರೂ ಉಂಡಾದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಸಾರನ್ನು ತಾವು ಎಂದಾದರೂ ಗಮನವಿಟ್ಟು ನೋಡಿರುವಿರಾ? ಗೃಹಿಣಿಯರು ನೋಡಿಯೇ ಇರುತ್ತಾರೆ. ಅದು ಕಡೆಗೆ ಸೇರುವುದು ಅವರ ತಟ್ಟೆಗೇ. ಆದುದರಿಂದ ಈ ಪ್ರಶ್ನೆ ಗಂಡಸರಿಗೆ. ಮದುವೆಯಾಗಿ ಒಂಬತ್ತು ವರ್ಷಗಳವರೆಗೆ ನಾನೂ ನೋಡಿರಲಿಲ್ಲ.

ದಿನವೂ ತಮ್ಮ ಕಡೆಯ ಆರೋಗ್ಯ ಕೇಂದ್ರಕ್ಕೆ ಬಂದುಹೋಗುವ ನಾನು ವಾಸಿಸುವುದು ಬೆಂಗಳೂರಿನ ಪೂರ್ವ ಭಾಗದ ಸಿ.ವಿ. ರಾಮನ್ ನಗರದಲ್ಲಿ. ಹೆಸರು ಕೇಳಿ ಅದು ಬೇರೆಯೇ ಲೋಕವೆಂದು ಭಾವಿಸಬೇಡಿ. ಕಂಪ್ಯೂಟರ್ ಕಚೇರಿಗಳ ಗಾಜಿನ ಗೋಡೆಗಳನ್ನು ದಾಟಿ ನಾಲ್ಕು ಹೆಜ್ಜೆ ನಡೆದರೆ ಬೈರಸಂದ್ರ, ಕಗ್ಗದಾಸಪುರ, ನಾಗವಾರಪಾಳ್ಯ ಎಂಬ ಹಳ್ಳಿಯ ಹೆಸರುಗಳೇ ಎದುರಾಗುತ್ತವೆ. ನಮ್ಮ ಅಡುಗೆಮನೆಯಂತೂ ತಮ್ಮ ಅಡುಗೆಮನೆಯೇ ಸರಿ: ಅದೇ ರಾಗಿ ಮುದ್ದೆ, ಅದೇ ಸೊಪ್ಪಿನ ಸಾರು, ಬಡಿಸುವ ಸರದಿಯೂ ಅದೇ. ಮೊದಲು ಯಜಮಾನರು, ಅಂದರೆ ನಾನು. ಆಮೇಲೆ ಮಕ್ಕಳು, ಆಮೇಲೆ ನನ್ನ ತಾಯಿಯವರು. ನಡುವೆ ಯಾರಾದರೂ ನೆಂಟರು ಬಂದರೆ ಅವರು. ಎಲ್ಲ ಮುಗಿದು ಒಲೆಯನ್ನು ಒರೆಸಿದ ಮೇಲೆ ನನ್ನ ಪತ್ನಿ.

ಕಳೆದ ವರ್ಷ ಆಕೆ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡತೊಡಗಿದಳು. ಸಂಜೆಯಾದರೆ ತಲೆನೋವು, ಬೆಳಗಾದರೆ ಆಯಾಸ. ಕೇಳಿದರೆ ‘ವಯಸ್ಸಾಯಿತು’ ಎನ್ನುತ್ತಿದ್ದಳು. ಆಗ ಆಕೆಗೆ ಮೂವತ್ತೊಂದು ವರ್ಷ! ನಾನು ದಿನಕ್ಕೆ ನೂರು ರೋಗಿಗಳನ್ನು ನೋಡುವ ವೈದ್ಯ. ಮನೆಗೆ ಬಂದು ಈ ಉತ್ತರವನ್ನು ಒಪ್ಪಿಕೊಂಡು ಊಟಕ್ಕೆ ಕುಳಿತುಕೊಳ್ಳುತ್ತಿದ್ದೆನು.

ಒಂದು ದಿನ ಆಕೆ ಮಕ್ಕಳೊಡನೆ ನಮ್ಮ ರಕ್ತಪರೀಕ್ಷಾ ಶಿಬಿರವನ್ನು ನೋಡಲು ಬಂದಿದ್ದಳು. ನಾನು ಧ್ವನಿವರ್ಧಕದ ಮುಂದೆ ರಕ್ತಹೀನತೆಯನ್ನು ಕುರಿತು ಭಾಷಣ ಮಾಡುತ್ತಿದ್ದೆನು. ಅತ್ತ ನಮ್ಮ ಆರೋಗ್ಯ ಸಹಾಯಕಿ ಆಕೆಯ ಕೆಳರೆಪ್ಪೆಯನ್ನು ಎಳೆದು ನೋಡಿ, ಬೆರಳಿಗೆ ಸೂಜಿ ಚುಚ್ಚಿಯೇಬಿಟ್ಟರು. ಹಿಮೋಗ್ಲೋಬಿನ್ 8.6 ಗ್ರಾಂ. ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂ, ಗರ್ಭಿಣಿಗೆ 11 ಗ್ರಾಂ, ಗಂಡಸಿಗೆ 13 ಗ್ರಾಂ ಇರಬೇಕೆಂದು ನಾನು ಆಗತಾನೇ ಸಾರಿದ್ದೆನು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ದೀಪದ ಬುಡದಲ್ಲಿ ಕತ್ತಲೆಯೆಂಬುದು ಅಂದು ಸಭೆಯ ಎದುರಿನಲ್ಲೇ ರುಜುವಾತಾಯಿತು. ಬೆಳಕಿನ ಬಣ್ಣ ಬದಲಾಗುವ ಸೂಕ್ಷ್ಮವನ್ನು 1928ರಲ್ಲಿ ಕಂಡುಹಿಡಿದ ಮಹನೀಯರ ಹೆಸರಿನ ಬಡಾವಣೆಯಲ್ಲಿ ವಾಸವಿದ್ದು, ಎದುರಿಗೇ ಬಡಿಸುತ್ತಿದ್ದವಳ ಅಂಗೈ ಬಿಳಿಚಿಕೊಂಡದ್ದು ನನಗೆ ಕಾಣಲಿಲ್ಲ.

ಮರು ಭಾನುವಾರ ನಾನು ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಸೌಟಿನ ಲೆಕ್ಕ ಹಿಡಿದೆನು. ನನ್ನ ತಟ್ಟೆಗೆ ಬಿದ್ದದ್ದು ಮೂರು ಸೌಟು, ಸೊಪ್ಪೂ ಕಾಳೂ ತುಂಬಿದ್ದು. ಮಕ್ಕಳಿಗೆ ಎರಡೆರಡು. ತಾಯಿಯವರಿಗೆ ಒಂದೂವರೆ, ಅವರೇ ‘ಸಾಕು ಸಾಕು’ ಎಂದು ಕೈ ಅಡ್ಡ ಹಿಡಿದರು. ಪತ್ನಿಯ ಪಾಲಿಗೆ ತಿಳಿನೀರು, ಅದರಲ್ಲಿ ತೇಲುವ ನಾಲ್ಕು ಸಾಸಿವೆ, ಒಂದು ಪುಟ್ಟ ಮುದ್ದೆ. ಅದನ್ನು ಉಂಡು ಕೈ ತೊಳೆದವಳೇ ಒಂದು ಲೋಟ ಬಿಸಿ ಚಹಾ ಕುಡಿದಳು. ಅಲ್ಲಿಗೆ ಲೆಕ್ಕ ಪೂರ್ತಿಯಾಯಿತು. ಚಹಾದ ಒಗರು ಆಹಾರದ ಕಬ್ಬಿಣಾಂಶವನ್ನು ಹಿಡಿದಿಟ್ಟು ದೇಹಕ್ಕೆ ಸೇರಲು ಬಿಡುವುದಿಲ್ಲ. ಕಾಫಿಯೂ ಹಾಗೆಯೇ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ತಮ್ಮ ಕಾಲಹರಣ ಮಾಡುತ್ತಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48. ಇದಕ್ಕೆಲ್ಲ ಸೌಟೊಂದೇ ಕಾರಣವಲ್ಲ. ಮುಟ್ಟಿನ ಅತಿಸ್ರಾವ, ಜಂತುಹುಳು, ಮೇಲಿಂದ ಮೇಲೆ ಬರುವ ಬಸಿರು ಬಾಣಂತನಗಳೂ ಕಾರಣಗಳೇ. ಆದರೆ ನಷ್ಟವಾದದ್ದನ್ನು ತುಂಬಿಕೊಡಬೇಕಾದ ತಟ್ಟೆಯೇ ಬರಿದಾದರೆ ಗತಿಯೇನು? ರಕ್ತ ಕಡಿಮೆಯಿರುವ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಜೀವಕ್ಕೆ ಅಪಾಯ; ಮಗುವೂ ತೂಕವಿಲ್ಲದೆ ಹುಟ್ಟಬಹುದು.

ಬೀಟ್‌ರೂಟು ಕೆಂಪಗಿದೆ, ಆದ್ದರಿಂದ ರಕ್ತವಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ಬಣ್ಣವೇ ರಕ್ತವಾಗುವುದಾದರೆ ಕುಂಕುಮವನ್ನೇ ತಿನ್ನಬಹುದಿತ್ತು! ಹಿತ್ತಲ ನುಗ್ಗೆಸೊಪ್ಪು, ಹರಿವೆ, ದಂಟು, ಮೊಳಕೆ ಬರಿಸಿದ ಹೆಸರು ಮತ್ತು ಹುರುಳಿ, ಇವು ಅಗ್ಗ ಮತ್ತು ಉತ್ತಮ. ಮೇಲೆ ಅರ್ಧ ನಿಂಬೆಯ ರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಮಾಂಸಾಹಾರಿಗಳಿಗೆ ಮಾಂಸ ಮತ್ತು ಮೀನು ಇನ್ನೂ ಹೆಚ್ಚು ಪ್ರಯೋಜನಕರ. ಆದರೆ ಕೋಳಿಯ ತೊಡೆ ಯಾರ ತಟ್ಟೆಗೆ ಹೋಗುತ್ತದೆಂಬುದನ್ನು ನಾನು ಈ ಸಭೆಯಲ್ಲಿ ಕೇಳುವುದಿಲ್ಲ.

ರಕ್ತ ಬಹಳ ಇಳಿದಾಗ ಆಹಾರವೊಂದೇ ಸಾಲದು, ಮಾತ್ರೆ ಬೇಕು. ಕಬ್ಬಿಣಾಂಶದ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಗರ್ಭಿಣಿಯರು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ತೆಗೆದುಕೊಳ್ಳಬೇಕು. ರಕ್ತಹೀನತೆಯಿದ್ದರೆ ಪ್ರಮಾಣ ಬೇರೆ. ಅದನ್ನು ವೈದ್ಯರೇ ಹೇಳುವರು. ಮಲ ಕಪ್ಪಾಯಿತೆಂದು ಹೆದರಿ ಮಾತ್ರೆಯನ್ನು ತಿಪ್ಪೆಗೆ ಎಸೆಯಬೇಡಿ, ಅದರಿಂದ ಕೆಡುಕಿಲ್ಲ. ವಾಕರಿಕೆ ಬಂದರೆ ರಾತ್ರಿ ಊಟವಾದ ಮೇಲೆ ನುಂಗಿ ಮಲಗಿರಿ. ಸುಣ್ಣಾಂಶದ ಮಾತ್ರೆಯನ್ನು ಅದರ ಜೊತೆಗೆ ನುಂಗದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಿರಿ.

ಎರಡು ಹೆರಿಗೆಗಳ ನಡುವೆ ಮೂರು ವರ್ಷವಾದರೂ ಅಂತರವಿದ್ದರೆ ತಾಯಿಯ ದೇಹ ಚೇತರಿಸಿಕೊಳ್ಳುತ್ತದೆ. ಅಂತರಕ್ಕೆ ನಿರೋಧ್, ನುಂಗುವ ಮಾತ್ರೆ, ವಂಕಿ, ಚುಚ್ಚುಮದ್ದು ಎಲ್ಲವೂ ಇವೆ. ವಂಕಿಯಿಂದ ಕೆಲವರಿಗೆ ಮುಟ್ಟಿನ ಸ್ರಾವ ಹೆಚ್ಚುವುದುಂಟು. ಆದ್ದರಿಂದ ರಕ್ತಹೀನತೆಯಿರುವವರು ಮೊದಲು ವಿಚಾರಿಸಿರಿ. ನಮ್ಮ ಮೈಸೂರು ಸಂಸ್ಥಾನವು 1930ರಲ್ಲಿಯೇ ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆದಿತ್ತು. ರಾಮನ್ನರಿಗೆ ನೊಬೆಲ್ ಬಹುಮಾನ ಬಂದದ್ದೂ ಅದೇ ವರ್ಷ. ಅಂದಿನಿಂದ ಇಂದಿನವರೆಗೆ ಗಂಡಸರ ಧೈರ್ಯ ಮಾತ್ರ ಬೆಳೆದಿಲ್ಲ. ಅದೇ ಸಮೀಕ್ಷೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಪತ್ನಿಯರು ನೂರಕ್ಕೆ ಸುಮಾರು 38. ಪತಿಯರು ಸಾವಿರಕ್ಕೆ 3. ಊಟದ ಸರದಿಯಲ್ಲಿ ಕಡೆಯವಳಾದವಳು ಶಸ್ತ್ರಚಿಕಿತ್ಸೆಯ ಸರದಿಯಲ್ಲಿ ಮೊದಲಿಗಳು! ಪುರುಷರ ಶಸ್ತ್ರಚಿಕಿತ್ಸೆಗೆ ಈಗ ಕತ್ತರಿಯ ಗಾಯವಿಲ್ಲ, ಹೊಲಿಗೆಯಿಲ್ಲ. ಅಂದೇ ಮನೆಗೆ ಹೋಗಬಹುದು. ದುಡಿಯುವ ಶಕ್ತಿಯಾಗಲಿ ಪುರುಷತ್ವವಾಗಲಿ ಕುಂದುವುದಿಲ್ಲ. ಮೂರು ತಿಂಗಳು ನಿರೋಧ್ ಬಳಸಿ, ವೀರ್ಯಪರೀಕ್ಷೆಯನ್ನು ಮಾತ್ರ ಮರೆಯದೆ ಮಾಡಿಸಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಈಗ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕುಳಿತು ಬಡಿಸಿಕೊಳ್ಳುತ್ತೇವೆ. ಮೊದಲ ವಾರ ನನ್ನ ಅಂಗಿಯ ಮೇಲೆ ಸಾರು ಚೆಲ್ಲಿತು. ತಾಯಿಯವರು ‘ನಾವೆಲ್ಲ ಕಡೆಯಲ್ಲಿ ಉಂಡು ಬದುಕಲಿಲ್ಲವೇ’ ಎಂದು ಮುನಿಸಿಕೊಂಡರು. ಮೂರು ತಿಂಗಳಿಗೆ ಪತ್ನಿಯ ಹಿಮೋಗ್ಲೋಬಿನ್ 11.4ಕ್ಕೆ ಏರಿತು, ಮಾತ್ರೆ ಇನ್ನೂ ನಡೆದಿದೆ. ಆ ದಿನವೇ ಆಕೆಯ ಒತ್ತಾಯಕ್ಕೆ ತಾಯಿಯವರೂ ಬೆರಳು ಚುಚ್ಚಿಸಿಕೊಂಡರು. ಬಂದದ್ದು 9.2. ನಲವತ್ತು ವರ್ಷ ಕಡೆಯ ಪಂಕ್ತಿಯಲ್ಲಿ ಉಂಡವರು ಆ ಅಂಕೆಯನ್ನು ನೋಡಿ ಏನೂ ಮಾತನಾಡಲಿಲ್ಲ. ಈಗ ಎಲೆಅಡಿಕೆಯ ಡಬ್ಬಿಯಲ್ಲೇ ಮಾತ್ರೆಯ ಹಾಳೆಯನ್ನೂ ಇಟ್ಟುಕೊಂಡಿದ್ದಾರೆ. ಊಟದ ಮೇಲಿನ ಚಹಾವನ್ನು ಬಿಡಿಸುವ ಮಾತುಕತೆ ಅತ್ತೆ ಸೊಸೆಯರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.