ಹಸ್ತಪ್ರತಿಯನ್ನು ಓದುವವರು ಯಾರು?

  

ಹೊಸದಾಗಿ ಕತೆ, ಕಾದಂಬರಿ ಬರೆಯುವವರಿಗೆ ಕನ್ನಡದಲ್ಲಿ ನೆರವೇ ಇಲ್ಲವೆಂಬ ಗೊಣಗಾಟ ಪೂರ್ತಿ ನಿಜವಲ್ಲ. ಪತ್ರಿಕೆಗಳ ಕಥಾಸ್ಪರ್ಧೆಗಳಿವೆ, ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ, ಕಿಟ್ಟೆಲರ 1894ರ ನಿಘಂಟಿನಿಂದ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳವರೆಗೆ ಆಕರಗಳಿವೆ, 1920ರಲ್ಲಿ ಹೊರಬಂದ ಮಾಸ್ತಿಯವರ ಮೊದಲ ಸಂಕಲನದಿಂದ ಈಚೆಗೆ ಓದಿ ಕಲಿಯಲು ಶತಮಾನದ ಸಣ್ಣಕತೆಯೇ ಇದೆ. ಇಲ್ಲದಿರುವವನು ಒಬ್ಬನೇ, ಸಂಪಾದಕ. ಅಂದರೆ ಅಚ್ಚಿಗೆ ಹೋಗುವ ಮುನ್ನ ಹಸ್ತಪ್ರತಿಯನ್ನು ಓದಿ, ಕತೆ ಎಲ್ಲಿ ಸಡಿಲವಾಗಿದೆ, ಯಾವ ಪಾತ್ರ ಸುಮ್ಮನೆ ಬಂದು ಹೋಗಿದೆ ಎಂದು ಲೇಖಕನಿಗೆ ಮುಖಕ್ಕೆ ಹೇಳಬಲ್ಲವನು.

ಕರಡು ತಿದ್ದುವವರು ಈ ಕೆಲಸ ಮಾಡುತ್ತಾರೆಂಬ ಭ್ರಮೆ ಪ್ರಕಾಶಕರಲ್ಲಿದೆ. ಕರಡು ತಿದ್ದುವವರು ನೋಡುವುದು ಒತ್ತಕ್ಷರ, ದೀರ್ಘ, ಪೂರ್ಣವಿರಾಮಗಳನ್ನು. ಮೂರನೆಯ ಅಧ್ಯಾಯದ ಶಾರದಮ್ಮ ಒಂಬತ್ತನೆಯದರಲ್ಲಿ ಸಾವಿತ್ರಮ್ಮನಾದರೂ, ಕಾಗುಣಿತ ಸರಿಯಿದ್ದರೆ, ಆಕೆ ಹಾಗೆಯೇ ಅಚ್ಚಾಗುತ್ತಾಳೆ. ಅದಕ್ಕಿಂತ ಕೆಟ್ಟದ್ದೆಂದರೆ, ಧಾರವಾಡದ ಕಡೆಯ ಪಾತ್ರ ಆಡುವ ‘ಹೋಗೂದಿಲ್ಲ’ ಎಂಬ ಮಾತನ್ನು ‘ಹೋಗುವುದಿಲ್ಲ’ ಎಂದು ತಿದ್ದಿ, ನಿರೂಪಣೆಯಲ್ಲಿ ನಿಜವಾಗಿಯೂ ತಿದ್ದಬೇಕಾದ ಮೂರು ಪುಟಗಳ ಉಪದೇಶವನ್ನು ಮುಟ್ಟದೆ ಬಿಡುವುದು. ಹಾಗೆಂದು ಈ ಕೆಲಸ ಕನ್ನಡಕ್ಕೆ ಅಪರಿಚಿತವೇನಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಗೆ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಸಾಹಿತ್ಯ ಸಲಹೆಗಾರರಾಗಿದ್ದರು. ಇಂದು ಬಹುಪಾಲು ಪುಸ್ತಕಗಳು ಲೇಖಕನ ಮೇಜಿನಿಂದ ನೇರವಾಗಿ ಡಿಟಿಪಿಗೆ, ಅಲ್ಲಿಂದ ಮುದ್ರಣಾಲಯಕ್ಕೆ ಹೋಗುತ್ತವೆ. ಇದಕ್ಕೆ ಹಣದ ಕಾರಣವೂ ಇದೆ: ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಬೆಲೆಯನ್ನು ಪುಟಗಳ ಲೆಕ್ಕದಲ್ಲಿ ಕಟ್ಟುವವರೆಗೆ, ನಲವತ್ತು ಪುಟ ಕಡಿಮೆ ಮಾಡಿಸುವ ಸಂಪಾದಕ ಪ್ರಕಾಶಕನಿಗೆ ಎರಡು ಪಟ್ಟು ನಷ್ಟ; ಅವನ ಸಂಬಳವೂ ಹೋಯಿತು, ಪುಟಗಳೂ ಹೋದವು.

ಹೊಸ ಲೇಖಕರ ಹಸ್ತಪ್ರತಿಗಳಿಗೆ ಸಂಪಾದಕರು ಬೇಕೆಂಬ ಬೇಡಿಕೆಯನ್ನು ಅನುದಾನ ನೀಡುವ ಸಂಸ್ಥೆಯೊಂದರ ಮುಂದೆ ಇಟ್ಟಾಗ ಬಂದ ಉತ್ತರ, ಲೇಖಕರು ತಿದ್ದಿಸಿಕೊಳ್ಳುವಷ್ಟು ದಡ್ಡರಲ್ಲ ಎಂಬುದು. ಅದೇ ಸಭೆಯಲ್ಲಿ ಶಾಲು, ಹಾರ, ನೆನಪಿನ ಕಾಣಿಕೆಗಳ ಬಾಬ್ತು ಚರ್ಚೆಯಿಲ್ಲದೆ ಮಂಜೂರಾಯಿತು. ಅಂದು ಮೇಜು ಕುಟ್ಟಿ ನಕ್ಕವರಲ್ಲಿ ಕೆಲವರು ಇಂದು ಮುಂದಿನ ಸಾಲಿನಲ್ಲೇ ಆಸೀನರಾಗಿರುವುದರಿಂದ ಬೇಡಿಕೆಯನ್ನು ಮತ್ತೊಮ್ಮೆ ಮಂಡಿಸುವುದು ಯುಕ್ತ.

ಚೊಚ್ಚಲ ಕೃತಿಯ ಪ್ರೋತ್ಸಾಹಧನದಲ್ಲಿ ಐದನೆಯ ಒಂದು ಭಾಗವನ್ನು ಸಂಪಾದನೆಗೆಂದೇ ಮೀಸಲಿಟ್ಟು, ಸಂಪಾದಕರ ಹೆಸರನ್ನು ಮುದ್ರಣ ವಿವರಗಳ ಪುಟದಲ್ಲಿ ಕಡ್ಡಾಯವಾಗಿ ಅಚ್ಚು ಮಾಡಿಸಬೇಕು. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ವಿಭಾಗಗಳಲ್ಲಿ ಆಯಾ ಸೀಮೆಯ ಆಡುನುಡಿ ಬಲ್ಲ ಓದುಗ-ಸಂಪಾದಕರ ಪಟ್ಟಿ ಸಿದ್ಧವಾಗಬೇಕು. ದೇವನೂರ ಮಹಾದೇವರ ‘ಕುಸುಮಬಾಲೆ’ಯಂಥ ಕೃತಿಯ ಹಸ್ತಪ್ರತಿ ಶಿಷ್ಟ ಕನ್ನಡವೊಂದನ್ನೇ ಬಲ್ಲವರ ಕೈಗೆ ಸಿಕ್ಕರೆ ಏನಾದೀತೆಂದು ಊಹಿಸಿದರೆ ಇದರ ಅಗತ್ಯ ತಿಳಿಯುತ್ತದೆ. ಕಾದಂಬರಿ ಬರೆಯುವ ಪ್ರತಿಯೊಬ್ಬರಿಗೂ ಒಂದು ವರ್ಷ ಸಂಬಳ ಸಹಿತ ರಜೆ, ಮಲೆನಾಡಿನಲ್ಲಿ ಒಂದು ವಾಸದ ಮನೆ ಸಿಗುವುದಾದರೆ ಬೇಡವೆನ್ನುವವರಿಲ್ಲ.

ಅಲ್ಲಿಯವರೆಗೆ ಯುವ ಬರಹಗಾರರು ಮಾಡಬಹುದಾದುದು ಇಷ್ಟು: ಮುಗಿದ ಕತೆಯನ್ನು ತಿಂಗಳ ಕಾಲ ಮುಟ್ಟದೆ ಇಟ್ಟು, ನಂತರ ಗಟ್ಟಿಯಾಗಿ ಓದಬೇಕು, ನಾಲಿಗೆ ತಡವರಿಸಿದ ವಾಕ್ಯಕ್ಕೆ ಗೆರೆ ಎಳೆಯಬೇಕು, ಕಾದಂಬರಿಯಾದರೆ ಪ್ರತಿ ಪಾತ್ರದ ವಯಸ್ಸು, ಊರು, ನೆಂಟಸ್ತಿಕೆಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು, ಮೆಚ್ಚುವ ಗೆಳೆಯನಿಗಿಂತ ಓದುತ್ತ ಆಕಳಿಸುವ ಗೆಳೆಯನಿಗೆ ಹಸ್ತಪ್ರತಿ ಕೊಡಬೇಕು. ಪುಟದ ಲೆಕ್ಕದ ಬೆಲೆಯನ್ನು ಕೈಬಿಡಬೇಕೆಂಬ ನಿರ್ಣಯದ ಕರಡು ನೋಂದಣಿ ಮೇಜಿನ ಮೇಲಿದ್ದು, ಮಧ್ಯಾಹ್ನದ ಗೋಷ್ಠಿಗೆ ಮುನ್ನ ಸದಸ್ಯರು ಸಹಿ ಹಾಕಬಹುದು.