ಹಬ್ಬದ ಆರಾಧನೆಗೆ ಯಾವ ಟ್ರಾಂಬೋನ್?



ಮೈಸೂರು ದಸರೆಯಲ್ಲಿ ಅರಮನೆಯ ಮುಂದೆ ಪೊಲೀಸ್ ಬ್ಯಾಂಡ್ ನುಡಿಸುವುದನ್ನು ನೀವು ನೋಡಿದ್ದರೆ ಒಂದು ವಿಚಿತ್ರ ವಾದ್ಯ ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಉಳಿದವರು ಬೆರಳುಗಳಿಂದ ಗುಂಡಿ ಒತ್ತುತ್ತಿದ್ದರೆ ಈ ವಾದ್ಯದವರು ಮಾತ್ರ ಉದ್ದನೆಯ ಹಿತ್ತಾಳೆ ಕೊಳವೆಯೊಂದನ್ನು ಮುಂದಕ್ಕೂ ಹಿಂದಕ್ಕೂ ಎಳೆಯುತ್ತಿರುತ್ತಾರೆ. ಅದೇ ಟ್ರಾಂಬೋನ್. ನಾವು ಅದನ್ನು ಮೆರವಣಿಗೆಯ ವಾದ್ಯವೆಂದೇ ತಿಳಿದಿದ್ದೇವೆ. ಆದರೆ ಯೂರೋಪಿನಲ್ಲಿ ಅದು ಬಹುಕಾಲ ಮುಖ್ಯವಾಗಿ ಚರ್ಚಿನ ವಾದ್ಯವಾಗಿತ್ತು. ವೆನಿಸ್ ನಗರದ ಸಂತ ಮಾರ್ಕನ ದೇವಾಲಯಕ್ಕಾಗಿ ಜೊವಾನ್ನಿ ಗಾಬ್ರಿಯೇಲಿ ರಚಿಸಿ 1597ರಲ್ಲಿ ಪ್ರಕಟಿಸಿದ ಕೃತಿಗಳಲ್ಲಿ ಟ್ರಾಂಬೋನುಗಳದೇ ದೊಡ್ಡ ಪಾಲು. ಬೀಥೋವನ್ 1808ರಲ್ಲಿ ತನ್ನ ಐದನೆಯ ಸಿಂಫನಿಯಲ್ಲಿ ಅದನ್ನು ಬಳಸಿದಾಗಲೂ ಕೊನೆಯ ಭಾಗದವರೆಗೆ ಅದನ್ನು ಸುಮ್ಮನೆ ಕೂರಿಸಿಯೇ ಇಟ್ಟಿದ್ದ.

ಚರ್ಚಿಗೂ ಈ ವಾದ್ಯಕ್ಕೂ ಇಷ್ಟು ಹೊಂದಿಕೆ ಏಕೆ? ಕಾರಣ ಸರಳ. ಟ್ರಾಂಬೋನಿನ ಸ್ಥಾಯಿ ಗಂಡಸರ ಕಂಠದ ಸ್ಥಾಯಿಗೆ ಬಹಳ ಹತ್ತಿರ. ಕೊಳವೆ ಜಾರುವುದರಿಂದ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. ಹಾಡುವವರು ಎಲ್ಲಿದ್ದಾರೋ ಅಲ್ಲಿಗೆ ಹೋಗಿ ಸೇರಬಲ್ಲ ವಾದ್ಯ ಅದು. ನಮ್ಮ ಪಿಟೀಲು ಹಾಡುಗಾರರ ಪಕ್ಕದಲ್ಲಿ ಏಕೆ ಅಷ್ಟು ಚೆನ್ನಾಗಿ ಒದಗುತ್ತದೆ ಎಂದು ಯೋಚಿಸಿದವರಿಗೆ ಇದು ಹೊಸತೇನಲ್ಲ.

ಈಗ ನಿಮ್ಮನ್ನು ಒಂದು ಕಲ್ಪನೆಗೆ ಕರೆಯುತ್ತೇನೆ. ನೀವು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಬೆತ್ಲೆಹೆಮ್ ಎಂಬ ಊರಿನ ಕಾಲೇಜು ವಿದ್ಯಾರ್ಥಿ. ಮೊರೇವಿಯನ್ ಪಂಥದ ಕ್ರೈಸ್ತರು ಕಟ್ಟಿದ ಊರು ಅದು. 1741ರ ಕ್ರಿಸ್ಮಸ್ ಹಿಂದಿನ ರಾತ್ರಿ ಅದಕ್ಕೆ ಆ ಹೆಸರಿಟ್ಟರು. 1754ರಿಂದ ಅಲ್ಲಿ ಟ್ರಾಂಬೋನ್ ವೃಂದವೊಂದು ನಡೆದುಬಂದಿದೆ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಗೋಪುರದ ಮೇಲಿನಿಂದ ಟ್ರಾಂಬೋನುಗಳಲ್ಲಿ ಸ್ತುತಿಗೀತೆಗಳನ್ನು ನುಡಿಸಿ ಸುದ್ದಿ ತಿಳಿಸುವುದು ಆ ಜನರ ಹಳೆಯ ಪದ್ಧತಿ. ಈಸ್ಟರ್ ದಿನ ಬೆಳಕು ಹರಿಯುವ ಮೊದಲೇ ವಾದ್ಯದವರು ಬೀದಿಗಳಲ್ಲಿ ನುಡಿಸಿ ಜನರನ್ನು ಎಬ್ಬಿಸುತ್ತಾರೆ. ಸೂರ್ಯೋದಯದ ಹೊತ್ತಿಗೆ ಎಲ್ಲರೂ ಸ್ಮಶಾನದಲ್ಲಿ ಸೇರುತ್ತಾರೆ. ಅಲ್ಲಿನ ಸಮಾಧಿಗಳ ಮೇಲೆ ಬಡವ ಬಲ್ಲಿದನೆನ್ನದೆ ಒಂದೇ ಬಗೆಯ ಚಪ್ಪಟೆ ಕಲ್ಲು. ಆ ವರ್ಷ ತಂದೆಯನ್ನೋ ತಂಗಿಯನ್ನೋ ಕಳೆದುಕೊಂಡವರು ಆ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಟ್ರಾಂಬೋನ್ ಬರಿಯ ಸಂಗೀತವಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂಥ ಊರಿನಲ್ಲಿ ನಿಮ್ಮನ್ನು ಕ್ರಿಸ್ಮಸ್ ಮತ್ತು ಈಸ್ಟರ್ ಆರಾಧನೆಗಳಿಗೆ ನುಡಿಸಲು ಕರೆದಿದ್ದಾರೆ. ನಿಮ್ಮ ಬಳಿ ಇರುವ ಹಣಕ್ಕೆ ಒಂದು ವಾದ್ಯ ಬರುತ್ತದೆ, ಎರಡು ಬರುವುದಿಲ್ಲ. ಯಾವುದನ್ನು ಕೊಳ್ಳುತ್ತೀರಿ?

ಅಂಗಡಿಗೆ ಹೋದರೆ ಮೊದಲು ಕಾಣುವುದು ಗಾತ್ರದ ವ್ಯತ್ಯಾಸ. ಸಾಮಾನ್ಯವಾಗಿ ಬಳಕೆಯಲ್ಲಿರುವ ಟೆನರ್ ಟ್ರಾಂಬೋನಿನ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 2.7 ಮೀಟರ್ ಉದ್ದ. ಈ ಉದ್ದ ಎಲ್ಲ ಟೆನರುಗಳಿಗೂ ಒಂದೇ. ಬೇರೆಯಾಗುವುದು ಒಳವ್ಯಾಸ. ಸಣ್ಣ ಕೊಳವೆಯದು 12.7 ಮಿಲಿಮೀಟರ್, ದೊಡ್ಡದು 13.9 ಮಿಲಿಮೀಟರ್. ಒಂದು ಮಿಲಿಮೀಟರಿಗೆ ಇಷ್ಟೊಂದು ಗಲಾಟೆಯೇ ಎನ್ನಬೇಡಿ. ವ್ಯಾಸದ ವರ್ಗವನ್ನು ಲೆಕ್ಕ ಹಾಕಿ ನೋಡಿ. ದೊಡ್ಡ ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ ಸಣ್ಣದಕ್ಕಿಂತ ಸುಮಾರು ಶೇಕಡಾ 20ರಷ್ಟು ಹೆಚ್ಚು. ಊದುವವರಿಗೆ ಅದು ಮೊದಲ ಉಸಿರಿನಲ್ಲೇ ತಿಳಿಯುತ್ತದೆ.

ಸಣ್ಣ ಕೊಳವೆ ಎಂದರೆ ಸಣ್ಣ ಸದ್ದು, ದೊಡ್ಡ ಕೊಳವೆ ಎಂದರೆ ದೊಡ್ಡ ಸದ್ದು ಎಂದು ಭಾವಿಸುವವರು ಬಹಳ. ನಡೆಯುವುದು ಬೇರೆಯೇ. ಟ್ರಾಂಬೋನನ್ನು ಜೋರಾಗಿ ಊದಿದಾಗ ಸ್ವರಕ್ಕೆ ಒಂದು ಹರಿತ, ಒಂದು ಲೋಹದ ಝಳಪು ಬರುತ್ತದಲ್ಲ, ಅದರ ಕಾರಣವನ್ನು ಹಿರ್ಷ್‌ಬರ್ಗ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಕೊಳವೆಯೊಳಗೆ ಶಬ್ದದ ಒತ್ತಡ ಬಹಳ ಹೆಚ್ಚಿದಾಗ ಅಲೆಯ ತುದಿ ಅದರ ಬುಡಕ್ಕಿಂತ ವೇಗವಾಗಿ ಸಾಗುತ್ತದೆ. ಸಾಗುತ್ತ ಸಾಗುತ್ತ ಅಲೆಯ ಮುಂಭಾಗ ಕಡಿದಾಗುತ್ತದೆ. ಕಡಲ ದಂಡೆಗೆ ಬರುವ ತೆರೆ ಮುಂದಕ್ಕೆ ಬಾಗಿ ಮುರಿಯುವುದನ್ನು ಮಲ್ಪೆಯಲ್ಲೋ ಕಾರವಾರದಲ್ಲೋ ನೋಡಿದ್ದೀರಿ. ಇಲ್ಲಿಯೂ ಸುಮಾರು ಅದೇ ಬಗೆ. ಕೊನೆಗೆ ಅದು ಆಘಾತ ತರಂಗವಾಗಿ ಹೊರಬೀಳುತ್ತದೆ, ಸೂಪರ್‌ಸಾನಿಕ್ ವಿಮಾನದಿಂದ ಹೊರಡುವಂಥದೇ, ಅದರ ಮರಿ. ಕಿರಿದಾದ ಕೊಳವೆಯಲ್ಲಿ ಒತ್ತಡ ಬೇಗ ಏರುವುದರಿಂದ ಈ ಝಳಪು ಬೇಗ ಬರುತ್ತದೆ. ಅಗಲವಾದ ಕೊಳವೆಯಲ್ಲಿ ಬಹಳ ಜೋರಾಗಿ ಊದಿದರೂ ಸ್ವರ ದುಂಡಾಗಿಯೇ ಉಳಿಯುತ್ತದೆ.

ಆದ್ದರಿಂದ ಸಣ್ಣ ಚರ್ಚಿನಲ್ಲಿ, ಇಪ್ಪತ್ತು ಜನರ ಗಾಯಕವೃಂದದ ಪಕ್ಕದಲ್ಲಿ, ಸಣ್ಣ ಕೊಳವೆಯ ವಾದ್ಯ ಮೆಲ್ಲಗೆ ನುಡಿಸಿದರೂ ಸ್ಪಷ್ಟವಾಗಿ ಕೇಳುತ್ತದೆ, ನುಡಿಸುವವರ ಉಸಿರೂ ಉಳಿಯುತ್ತದೆ. ದೊಡ್ಡ ಆರ್ಗನ್ ಇರುವಲ್ಲಿ, ಮೂರು ನಾಲ್ಕು ಹಿತ್ತಾಳೆ ವಾದ್ಯಗಳು ಒಟ್ಟಿಗಿರುವಲ್ಲಿ, ಅದೇ ವಾದ್ಯವನ್ನು ಜೋರು ಮಾಡಬೇಕಾಗುತ್ತದೆ; ಆಗ ಅದರ ಹರಿತ ಉಳಿದವರ ಸ್ವರವನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಅಂಥ ಕಡೆ ದೊಡ್ಡ ಕೊಳವೆಯೇ ವಾಸಿ. ಸಿಂಫನಿ ವಾದ್ಯಗೋಷ್ಠಿಯವರು ಬಳಸುವುದು ದೊಡ್ಡದನ್ನು ಎಂಬ ಒಂದೇ ಕಾರಣಕ್ಕೆ ಅದನ್ನು ಕೊಳ್ಳುವ ವಿದ್ಯಾರ್ಥಿಗಳು ಅಲ್ಲಿ ಕಡಿಮೆಯಿಲ್ಲ. ಕ್ರಿಕೆಟ್ ಬ್ಯಾಟನ್ನು ಆಟಗಾರನ ಹೆಸರು ನೋಡಿ ಕೊಳ್ಳುವ ನಮ್ಮ ಹುಡುಗರಂತೆ!

ವಾದ್ಯಕ್ಕಿಂತ ಮೊದಲು ಕಟ್ಟಡವನ್ನು ನೋಡಿ. ಕೈಗಳನ್ನು ಒಮ್ಮೆ ಜೋರಾಗಿ ತಟ್ಟಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಎಣಿಸಿ. ಈ ಅನುರಣನ ಕಾಲವನ್ನು ಕ್ರಮಬದ್ಧವಾಗಿ ಅಳೆದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೇಸ್ ಸೇಬೈನ್. 1895ರಲ್ಲಿ ಮಾತು ಕೇಳಿಸದ ಉಪನ್ಯಾಸ ಕೊಠಡಿಯೊಂದನ್ನು ಸರಿಪಡಿಸುವ ಕೆಲಸ ಅವರ ಪಾಲಿಗೆ ಬಂತು. ರಾತ್ರಿಯ ನಿಶ್ಶಬ್ದದಲ್ಲಿ, ಬೇರೊಂದು ಸಭಾಂಗಣದ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಜೋಡಿಸಿ, ಆರ್ಗನ್ ಕೊಳವೆಯ ಸ್ವರ ಎಷ್ಟು ಸೆಕೆಂಡಿಗೆ ಅಡಗುತ್ತದೆ ಎಂದು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಅನುರಣನ ಕಡಿಮೆಯಾಯಿತು. ಮನುಷ್ಯರ ಮೈ ಮತ್ತು ಬಟ್ಟೆಯೂ ಮೆತ್ತೆಯಂತೆಯೇ ಶಬ್ದವನ್ನು ಹೀರುತ್ತವೆ. ಚಳಿಗಾಲದ ಉಣ್ಣೆಯ ಕೋಟುಗಳಂತೂ ಸರಿಯೇ ಸರಿ. ಖಾಲಿ ಚರ್ಚಿನಲ್ಲಿ ಅಭ್ಯಾಸ ಮಾಡುವಾಗ ಗುಡುಗಿದ ವಾದ್ಯ ಕ್ರಿಸ್ಮಸ್ ರಾತ್ರಿ ಜನ ತುಂಬಿದಾಗ ಸಪ್ಪಗೆ ಕೇಳುವುದು ಇದರಿಂದ. ಅಭ್ಯಾಸದ ದಿನದ ಅನಿಸಿಕೆಯನ್ನು ನಂಬಿ ವಾದ್ಯ ಬದಲಿಸಬೇಡಿ.

ಇನ್ನು ಶ್ರುತಿಯ ವಿಚಾರ. ನನಗೆ ಬಹಳ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೋಗೋಣ.

ಗಾಳಿಯಲ್ಲಿ ಶಬ್ದದ ವೇಗ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 331 ಮೀಟರ್. ಒಂದೊಂದು ಡಿಗ್ರಿಗೂ ಸುಮಾರು 0.6 ಮೀಟರಿನಷ್ಟು ಏರುತ್ತದೆ. ಕೊಳವೆಯ ಉದ್ದ ಹಾಗೆಯೇ ಇದ್ದು ವೇಗ ಏರಿದರೆ ಶ್ರುತಿಯೂ ಏರುತ್ತದೆ. ಕ್ರಿಸ್ಮಸ್ ಆರಾಧನೆಯ ಆರಂಭದಲ್ಲಿ ಚರ್ಚಿನ ಒಳಗೆ 18 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಜನ ತುಂಬಿ, ಮೇಣದ ಬತ್ತಿಗಳೆಲ್ಲ ಉರಿದು ಅದು 26 ಡಿಗ್ರಿಗೆ ಏರಿತು ಎನ್ನಿ. ಲೆಕ್ಕ ಹಾಕಿದರೆ ಆರ್ಗನ್ನಿನ ಕೊಳವೆಗಳ ಶ್ರುತಿ ಅರ್ಧ ಸ್ವರದ ಕಾಲು ಭಾಗದಷ್ಟು ಮೇಲೇರಿರುತ್ತದೆ. ಆರಾಧನೆಯ ನಡುವೆ ಆರ್ಗನ್ನನ್ನು ಮತ್ತೆ ಶ್ರುತಿ ಮಾಡಲು ಸಾಧ್ಯವಿಲ್ಲ. ನಿಮ್ಮ ಟ್ರಾಂಬೋನಿನ ಒಳಗಿನ ಗಾಳಿಯನ್ನು ನಿಮ್ಮ ಉಸಿರು ಮೊದಲೇ ಬಿಸಿ ಮಾಡಿರುವುದರಿಂದ ಅದು ಆರ್ಗನ್ನಿನಷ್ಟು ಏರುವುದಿಲ್ಲ. ಎಂದರೆ ನೀವು ಮೇಲೆ ಹೋಗಬೇಕು, ಕೊಳವೆಯನ್ನು ಚಿಕ್ಕದು ಮಾಡಬೇಕು. ಜಾರುಕೊಳವೆಯನ್ನು ಪೂರ್ತಿ ಒಳಗೆ ಎಳೆದುಕೊಂಡು ನುಡಿಸುವ ಸ್ವರಗಳಲ್ಲಿ ಇನ್ನೂ ಒಳಗೆ ಎಳೆಯುವುದಾದರೂ ಎಲ್ಲಿಗೆ? ಅದಕ್ಕಾಗಿಯೇ ವಾದ್ಯದ ಹಿಂಭಾಗದಲ್ಲಿ ಶ್ರುತಿ ಹೊಂದಿಸುವ ಇನ್ನೊಂದು ಬಾಗಿದ ಕೊಳವೆ ಇರುತ್ತದೆ. ಕೊಳ್ಳುವಾಗ ಮೈ ಬಿಸಿಯಾಗುವಷ್ಟು ಹೊತ್ತು ನುಡಿಸಿ, ಆಮೇಲೆ ಆರ್ಗನ್ನಿನ ಶ್ರುತಿಗೆ ಹೊಂದಿಸಿ ನೋಡಿ. ಆ ಬಾಗಿದ ಕೊಳವೆ ಪೂರ್ತಿ ಒಳಗೆ ಹೋದಮೇಲಷ್ಟೇ ಶ್ರುತಿ ಸೇರಿತೆಂದರೆ ಆ ವಾದ್ಯ ನಿಮಗೆ ಬೇಡ. ಒಂದೆರಡು ಸೆಂಟಿಮೀಟರ್ ಹೊರಗಿದ್ದೇ ಸೇರಬೇಕು. ಉಳಿದಿರುವ ಆ ಜಾಗವೇ ಹಬ್ಬದ ರಾತ್ರಿ ನಿಮ್ಮನ್ನು ಕಾಪಾಡುವುದು.

ಈಸ್ಟರ್ ಮುಂಜಾನೆಯ ಕಷ್ಟ ಇದಕ್ಕೆ ಉಲ್ಟಾ. ಬಯಲಿನಲ್ಲಿ 5 ಡಿಗ್ರಿ ಚಳಿ. 20 ಡಿಗ್ರಿಗೆ ಹೋಲಿಸಿದರೆ ತಣ್ಣನೆಯ ಕೊಳವೆಯ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರದ ಅರ್ಧದಷ್ಟು ಇಳಿದಿರುತ್ತದೆ. ಒಬ್ಬೊಬ್ಬರ ವಾದ್ಯ ಒಂದೊಂದು ವೇಗದಲ್ಲಿ ಬಿಸಿಯಾಗುತ್ತದೆ. ಆರ್ಗನ್ ಜೊತೆಗಿಲ್ಲ, ಅದೊಂದು ನೆಮ್ಮದಿ. ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಂಡು ಒಟ್ಟಿಗೆ ಸೇರಿದರಾಯಿತು. ತಣ್ಣನೆಯ ಲೋಹ ತುಟಿಗೆ ತಾಗಿದರೆ ತುಟಿ ಮರಗಟ್ಟುತ್ತದೆ, ಆದ್ದರಿಂದ ಮೌತ್‌ಪೀಸನ್ನು ನುಡಿಸುವ ಕ್ಷಣದವರೆಗೆ ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ. ಕೆಲವರು ಪ್ಲಾಸ್ಟಿಕ್ ಮೌತ್‌ಪೀಸ್ ಬಳಸುವುದೂ ಉಂಟು. ಇಡೀ ವಾದ್ಯವೇ ಪ್ಲಾಸ್ಟಿಕ್ಕಿನದಾಗಿರುವ ಟ್ರಾಂಬೋನುಗಳೂ ಈಗ ಸಿಗುತ್ತವೆ. ತೂಕ ಸುಮಾರು 800 ಗ್ರಾಂ. ಬೀದಿ ಬೀದಿ ಸುತ್ತುವುದಕ್ಕೆ, ಕಲಿಯುವ ಮಕ್ಕಳಿಗೆ ಅದು ಸಾಕು. ಆರ್ಗನ್ ಪಕ್ಕದಲ್ಲಿ ಅದನ್ನು ನಾನಂತೂ ಶಿಫಾರಸು ಮಾಡಲಾರೆ.

ಚರ್ಚಿನವರು ಮೊಟ್ಸಾರ್ಟನ ಯಾವುದಾದರೂ ಕೃತಿಯನ್ನು ಆರಿಸಿಕೊಂಡಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಆ ಕಾಲದ ಸಾಲ್ಸ್‌ಬರ್ಗ್, ವಿಯೆನ್ನಾ ಚರ್ಚುಗಳಲ್ಲಿ ಆಲ್ಟೋ, ಟೆನರ್, ಬಾಸ್ ಎಂಬ ಮೂರು ಟ್ರಾಂಬೋನುಗಳು ಗಾಯಕವೃಂದದ ಅದೇ ಹೆಸರಿನ ಮೂರು ಧ್ವನಿಗಳನ್ನು ಅನುಸರಿಸಿ ನುಡಿಸುತ್ತಿದ್ದವು. ಆಲ್ಟೋ ಟ್ರಾಂಬೋನಿನ ಕೊಳವೆ ಸುಮಾರು 2 ಮೀಟರ್ ಮಾತ್ರ. ಅದರ ಹಗುರವಾದ ಸ್ವರ ಹೆಂಗಸರ ಕೆಳಧ್ವನಿಯ ಜೊತೆ ಸುಲಭವಾಗಿ ಬೆರೆಯುತ್ತದೆ. ಆದರೆ ಮೊದಲ ವಾದ್ಯವಾಗಿ ಅದನ್ನು ಕೊಳ್ಳುವುದು ಬೇಡ. ಅಳತೆ ಬೇರೆಯಾದ್ದರಿಂದ ಕೈಯ ಅಭ್ಯಾಸವೆಲ್ಲ ಹೊಸದಾಗಿ ಆಗಬೇಕು. ಬೇಕಾದಾಗ ಎರವಲು ತಂದರೆ ಸಾಕು.

ಕೈಯ ಅಳತೆ ಎಂದೆ. ಟೆನರಿನಲ್ಲಿ ಜಾರುಕೊಳವೆಗೆ ಏಳು ನಿಲ್ದಾಣಗಳು, ಒಂದೊಂದೂ ಅರ್ಧ ಸ್ವರ ಕೆಳಗೆ. ಮೊದಲನೆಯದರಿಂದ ಎರಡನೆಯದಕ್ಕೆ ಸುಮಾರು 8 ಸೆಂಟಿಮೀಟರ್, ಆರರಿಂದ ಏಳಕ್ಕೆ ಸುಮಾರು 11. ನಿಲ್ದಾಣಗಳು ಸಮದೂರದಲ್ಲಿ ಏಕಿಲ್ಲ? ಗುಣೋತ್ತರ ಶ್ರೇಣಿ ಓದಿದವರು ಕಾಗದ ಪೆನ್ಸಿಲ್ ತೆಗೆದುಕೊಳ್ಳಿ, ಹತ್ತು ನಿಮಿಷದ ಕೆಲಸ. ಏಳನೆಯ ನಿಲ್ದಾಣಕ್ಕೆ ಗಿಡ್ಡ ಕೈಯವರು ಒದ್ದಾಡಬೇಕಾಗುತ್ತದೆ. ಇದಕ್ಕೆ ಪರಿಹಾರವಾಗಿ ಎಡ ಹೆಬ್ಬೆರಳಿನಿಂದ ಒತ್ತುವ ಕವಾಟವೊಂದು ಕೆಲವು ವಾದ್ಯಗಳಲ್ಲಿರುತ್ತದೆ. ಅದನ್ನು ಒತ್ತಿದರೆ ಇನ್ನೂ 90 ಸೆಂಟಿಮೀಟರ್ ಕೊಳವೆ ಸೇರಿಕೊಂಡು ದೂರದ ಸ್ವರಗಳು ಹತ್ತಿರದಲ್ಲೇ ಸಿಗುತ್ತವೆ. ಸ್ತುತಿಗೀತೆಗಳ ಕೆಳಗಿನ ಸಾಲನ್ನು ನುಡಿಸುವವರಿಗೆ ಇದು ದೊಡ್ಡ ಉಪಕಾರ. ತೂಕ ಹೆಚ್ಚುತ್ತದೆ, ಸುಮಾರು 2 ಕಿಲೊ ಆಗುತ್ತದೆ. ಹಬ್ಬದ ದಿನ ಒಂದರ ಹಿಂದೆ ಒಂದರಂತೆ ಎರಡು ಮೂರು ಆರಾಧನೆಗಳಿರುವಾಗ ಎಡಗೈಗೆ ಅದು ಗೊತ್ತಾಗುತ್ತದೆ.

ಒಂದೇ ವಾದ್ಯಕ್ಕೆ ಹಣವಿರುವ ಆ ವಿದ್ಯಾರ್ಥಿಗೆ ನಾನು ಹೇಳುವುದು ಇಷ್ಟು: ನಡುಗಾತ್ರದ, ಎಂದರೆ 13.3 ಮಿಲಿಮೀಟರ್ ಒಳವ್ಯಾಸದ, ಹೆಬ್ಬೆರಳಿನ ಕವಾಟವಿರುವ ಟೆನರ್. ಹೊಸದೇ ಆಗಬೇಕೆಂದಿಲ್ಲ. ಹಳೆಯದರಲ್ಲಿ ಬಣ್ಣ ಹೋಗಿದ್ದರೆ ಚಿಂತೆಯಿಲ್ಲ, ಬೆಲ್ ಎಂದು ಕರೆಯುವ ಹೂವಿನಾಕಾರದ ಬಾಯಿಯ ಅಂಚಿನಲ್ಲಿ ಸಣ್ಣ ತಗ್ಗು ಇದ್ದರೂ ನಡೆದೀತು. ಜಾರುಕೊಳವೆ ಮಾತ್ರ ಒಂದು ಕೂದಲಿನಷ್ಟೂ ಬಾಗಿರಬಾರದು. ವಾದ್ಯವನ್ನು ನೆಟ್ಟಗೆ ನಿಲ್ಲಿಸಿ, ಜಾರುಕೊಳವೆ ನೆಲಕ್ಕೆ ಬಡಿಯದಂತೆ ಕೆಳಗೆ ಕೈಯಿಟ್ಟು, ಅದನ್ನು ತನ್ನ ತೂಕಕ್ಕೇ ಇಳಿಯಲು ಬಿಡಿ. ಎಲ್ಲಿಯೂ ತಡೆಯದೆ, ಸದ್ದಿಲ್ಲದೆ ಇಳಿಯಬೇಕು.

ಸಾಧ್ಯವಾದರೆ ಹಣ ಕೊಡುವ ಮೊದಲು ವಾದ್ಯವನ್ನು ಅದೇ ಚರ್ಚಿಗೆ ಒಯ್ಯಿರಿ. ಟ್ರಾಂಬೋನ್ ತನ್ನ ತಾರ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರವಾಗಿ ಮುಂದಕ್ಕೆ ಎಸೆಯುತ್ತದೆ. ಧ್ವನಿಮುದ್ರಣದಲ್ಲಿ ನಾವು ಮೈಕನ್ನು ಅದರ ಬಾಯಿಯ ಎದುರಿಗೆ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸುವುದು ಇದಕ್ಕೇ. ನುಡಿಸುವವರ ಕಿವಿ ಇರುವುದು ಆ ಬಾಯಿಯ ಹಿಂದೆ, ತನ್ನ ಸದ್ದು ಜನರಿಗೆ ಹೇಗೆ ಮುಟ್ಟುತ್ತಿದೆ ಎಂದು ಆತನಿಗೆ ಅಷ್ಟಾಗಿ ತಿಳಿಯದು. ಗೆಳೆಯರಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಬ್ಬರು ನಿಮ್ಮ ಪಕ್ಕದಲ್ಲಿ ನಿಂತು ಹಾಡಲಿ, ಇನ್ನೊಬ್ಬರು ಕೊನೆಯ ಸಾಲಿನ ಬೆಂಚಿನಲ್ಲಿ ಕೂರಲಿ. ಹಾಡಿನ ಮಾತುಗಳು ಬಿಡಿಬಿಡಿಯಾಗಿ ಕೇಳಿಸಿದವೇ ಎಂದು ಅವರನ್ನು ಕೇಳಿ.