ಮನೆಯ ಸಂಗೀತಯಂತ್ರದಲ್ಲಿ ವಾಲ್ವು

ಈ ಹೊತ್ತಿನ ಭಾಷಣದ ವಿಷಯ, ಮನೆಯಲ್ಲಿ ಸಂಗೀತವನ್ನು ಕೇಳಿಸುವ ಯಂತ್ರಗಳಲ್ಲಿ ಒಂದಾದ ವಾಲ್ವಿನ ಪ್ರೀ-ಆಂಪ್ಲಿಫೈಯರು. ಹೆಸರು ಒರಟು, ವಸ್ತು ಸಣ್ಣದು. ಅದು ಎಬ್ಬಿಸುವ ಪ್ರಶ್ನೆ ಮಾತ್ರ ಸಣ್ಣದಲ್ಲ. ೧೯೪೭ನೆಯ ಇಸವಿಯ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ಮುಂದೆ ಕೆಲವು ದಶಕಗಳಲ್ಲಿ ಅದು ರೇಡಿಯೋ ಪೆಟ್ಟಿಗೆಯಿಂದಲೂ ಗಣಕಯಂತ್ರದಿಂದಲೂ ಗಾಜಿನ ವಾಲ್ವನ್ನು ಹೊರಕ್ಕೆ ಅಟ್ಟಿತು. ಟ್ರಾನ್ಸಿಸ್ಟರಿನ ಬೆಲೆ ಕಡಮೆ, ಬಾಳಿಕೆ ಹೆಚ್ಚು, ಕಾವು ಅಲ್ಪ. ಅಳತೆಗೆ ನಿಲ್ಲಿಸಿದರೆ ಕೊಟ್ಟ ನಾದವನ್ನು ಕೊಟ್ಟಂತೆಯೇ ಒಪ್ಪಿಸುವುದರಲ್ಲಿಯೂ ಅದೇ ಮುಂದು. ಹೀಗಿದ್ದೂ ಸಂಗೀತಪ್ರಿಯರ ಮನೆಗಳಲ್ಲಿ ವಾಲ್ವು ಇನ್ನೂ ಬೆಳಗುತ್ತಿದೆ. ನಮ್ಮ ಮನೆಯಲ್ಲಿಯೂ ಅದು ಕೆಲವು ವರ್ಷಗಳಿಂದ ನೆಲಸಿದೆ. ಇದು ರಸಿಕತೆಯೋ, ಕೇವಲ ಹಳೆಯದರ ಮೇಲಣ ವ್ಯಾಮೋಹವೋ? ಅಧ್ಯಾಪಕನ ಸಂಬಳದಲ್ಲಿ ಬಾಳುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಇರುವಂತಿಲ್ಲ.

ಮೊದಲು ವಾಲ್ವಿನ ಚರಿತ್ರೆಯನ್ನು ನಾಲ್ಕು ಮಾತುಗಳಲ್ಲಿ ಹೇಳಿಬಿಡುತ್ತೇವೆ. ಕಾದ ಲೋಹದಿಂದ ವಿದ್ಯುತ್ಕಣಗಳು ಹೊರಸೂಸುತ್ತವೆ. ಗಾಳಿಯನ್ನು ತೆಗೆದ ಗಾಜಿನ ಬುರುಡೆಯಲ್ಲಿ ಅವುಗಳನ್ನು ಒಂದೇ ದಿಕ್ಕಿಗೆ ಹರಿಯಿಸುವ ಉಪಾಯವನ್ನು ೧೯೦೪ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಕಂಡುಹಿಡಿದನು. ೧೯೦೬ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟನು ಅದಕ್ಕೆ ಮೂರನೆಯದೊಂದು ಅಂಗವನ್ನು ಸೇರಿಸಿದನು. ಕಾವೇರಿದ ಕ್ಯಾಥೋಡು ಒಂದು ಕಡೆ, ವಿದ್ಯುತ್ಕಣಗಳನ್ನು ಸೆಳೆಯುವ ಆನೋಡು ಇನ್ನೊಂದು ಕಡೆ, ನಡುವೆ ಗ್ರಿಡ್ಡು ಎಂಬ ತಂತಿಯ ಜಾಲ. ಕಾಲುವೆಯ ತೂಬಿನಲ್ಲಿ ಹಲಗೆಯನ್ನು ಒಂದು ಬೆರಳು ಎತ್ತಿದರೆ ನೀರಿನ ಮಹಾಪ್ರವಾಹವೇ ಹೆಚ್ಚುವಂತೆ, ಜಾಲದ ಮೇಲಣ ಅಲ್ಪ ವಿದ್ಯುತ್ತು ಆನೋಡಿಗೆ ಹೋಗುವ ದೊಡ್ಡ ಹರಿವನ್ನು ಏರಿಸಿ ಇಳಿಸುತ್ತದೆ. ವಾಲ್ವು ಎಂಬ ಹೆಸರೂ ತಡೆಬಾಗಿಲು ಎಂಬ ಅರ್ಥದ್ದೇ.

ನಮ್ಮ ನಾಡಿಗೂ ಈ ವಸ್ತುವಿಗೂ ನಂಟುಂಟು. ೧೯೩೫ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದಾಗ, ‘ಆಕಾಶವಾಣಿ’ ಎಂಬ ಹೆಸರಿನಿಂದ ಹೊರಟ ಆ ಧ್ವನಿಯನ್ನು ಹೊತ್ತದ್ದು ವಾಲ್ವುಗಳೇ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೬೧ರ ಹೊತ್ತಿಗೆ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಹಳೆಯ ಅಂಗಡಿಗಳ ಮೂಲೆಯಲ್ಲಿ ಜಾಲಹಳ್ಳಿಯ ಗುರುತುಳ್ಳ ವಾಲ್ವು ಸಿಕ್ಕಿದರೆ ಇಂದಿಗೂ ಜನ ಹಿಗ್ಗುತ್ತಾರೆ.

ಇನ್ನು ಪ್ರೀ-ಆಂಪ್ಲಿಫೈಯರಿನ ಕೆಲಸವೇನು? ತಟ್ಟೆಯ ಮೇಲೆ ಓಡುವ ಸೂಜಿಯ ತಲೆಯಿಂದ ಬರುವ ವಿದ್ಯುತ್ತು ಸುಮಾರು ಐದು ಮಿಲಿವೋಲ್ಟ್, ಎಂದರೆ ಒಂದು ವೋಲ್ಟಿನ ಇನ್ನೂರರಲ್ಲಿ ಒಂದು ಪಾಲು. ಗಾನಪೆಟ್ಟಿಗೆಯನ್ನು ನುಡಿಸುವ ದೊಡ್ಡ ಆಂಪ್ಲಿಫೈಯರಿಗೆ ಒಂದು ವೋಲ್ಟಿನಷ್ಟಾದರೂ ಬೇಕು. ನಡುವಣ ಅಂತರವನ್ನು ತುಂಬಿ, ತಟ್ಟೆಯನ್ನು ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಮತ್ತೆ ಎತ್ತಿ, ಎತ್ತಿದ ತಾರವನ್ನು ಮತ್ತೆ ತಗ್ಗಿಸಿ, ಸದ್ದನ್ನು ನಮ್ಮ ಕೈಗೆ ಅಧೀನವಾಗಿಸುವುದು ಇದರ ಧರ್ಮ. ಈ ಸರಿಪಡಿಕೆಯ ಪ್ರಮಾಣವನ್ನು ಅಮೆರಿಕದ ಧ್ವನಿಮುದ್ರಣೋದ್ಯಮದವರು ೧೯೫೪ರಲ್ಲಿ ಒಂದೇ ಕ್ರಮಕ್ಕೆ ತಂದರು. ೧೨ ಎ ಎಕ್ಸ್ ೭ ಎಂಬ ವಾಲ್ವು ಇಂತಹ ಕೆಲಸಕ್ಕೆ ಹೆಸರಾದದ್ದು. ಯೂರೋಪಿನಲ್ಲಿ ಅದನ್ನೇ ಇ ಸಿ ಸಿ ೮೩ ಎನ್ನುತ್ತಾರೆ. ಹೆಬ್ಬೆರಳಿನ ಗಾತ್ರದ ಒಂದೇ ಬುರುಡೆಯಲ್ಲಿ ಅವಳಿ ವಾಲ್ವುಗಳಿವೆ. ಒಂದೊಂದರ ವರ್ಧನಾಂಕ ನೂರು. ೧೯೫೮ರಲ್ಲಿ ಅಮೆರಿಕದಲ್ಲಿ ಹೊರಬಂದು ಇಂದಿಗೂ ಕೊಂಡಾಡಲ್ಪಡುವ ಮಾರಾಂಟ್ಸ್ ಏಳನೆಯ ಮಾದರಿಯಲ್ಲಿ ಇಂತಹ ಆರು ಬುರುಡೆಗಳಿದ್ದವು.

ಆದರೆ ೧೯೮೨ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಯಂತ್ರ ತಾನೇ ಎರಡು ವೋಲ್ಟುಗಳವರೆಗೆ ಕೊಡುತ್ತದೆ. ಅದಕ್ಕೆ ಮತ್ತೆ ಹತ್ತರಷ್ಟು ವರ್ಧನೆ ಏತಕ್ಕೆ? ಒಂದು ವೋಲ್ಟಿನ ಅಗತ್ಯವಿರುವಲ್ಲಿ ಇಪ್ಪತ್ತನ್ನು ಮಾಡಿಟ್ಟು, ಸದ್ದಿನ ತಿರುಗುಣಿಯಿಂದ ಹತ್ತೊಂಬತ್ತನ್ನು ತಡೆದಂತೆ ಆಗುತ್ತದೆ. ಆ ತಿರುಗುಣಿ ಸಾಮಾನ್ಯವಾಗಿ ವಾಲ್ವಿನ ಹಿಂದೆ ಇರುವುದರಿಂದ, ವಾಲ್ವಿನಲ್ಲಿಯೇ ಹುಟ್ಟುವ ಸುಯ್ಲನ್ನು ಅದು ತಗ್ಗಿಸಲಾರದು. ಆದುದರಿಂದ ಡಿಜಿಟಲ್ ಯಂತ್ರದಿಂದ ಮಾತ್ರ ಕೇಳುವವರಿಗೆ ವಾಲ್ವಿನ ಪ್ರೀ-ಆಂಪ್ಲಿಫೈಯರು ಅಗತ್ಯವೆಂದು ನಾವು ಹೇಳಲಾರೆವು. ಅದು ಬೇಕೆನ್ನುವವರು ಬೇಕೆನ್ನುವುದು ಅದರ ನಾದಕ್ಕಾಗಿ.

ಆ ನಾದದ ಮರ್ಮವೇನು? ಇದಕ್ಕೆ ಉತ್ತರವನ್ನು ನಮ್ಮ ತಂಬೂರಿಯಿಂದ ಪಡೆಯಬಹುದು. ಷಡ್ಜದ ತಂತಿಯನ್ನು ಮೀಟಿದಾಗ ಷಡ್ಜವೊಂದೇ ಕೇಳುವುದಿಲ್ಲ. ಅದರ ಎರಡರಷ್ಟು ಕಂಪನದ ತಾರಷಡ್ಜ, ಮೂರರಷ್ಟರ ಪಂಚಮ, ಐದರಷ್ಟರ ಅಂತರ ಗಾಂಧಾರ, ಇವೆಲ್ಲ ಒಡನೆಯೇ ಏಳುತ್ತವೆ. ಯಾರೂ ಮೀಟದ ಗಾಂಧಾರ ಕಿವಿಗೆ ಬೀಳುವುದು ಶ್ರುತಿ ಕೂಡಿದ ತಂಬೂರಿಯ ಮಹಿಮೆ. ವೀಣೆ ತಂಬೂರಿಗಳ ಈ ಅನುಸ್ವರಗಳನ್ನು ಕುರಿತು ಸರ್ ಸಿ. ವಿ. ರಾಮನ್ ಅವರು ೧೯೨೧ರಲ್ಲಿಯೇ ಪ್ರಬಂಧವನ್ನು ಬರೆದಿದ್ದರು. ವಾಲ್ವು ಮಾಡುವುದೂ ಸ್ವಲ್ಪಮಟ್ಟಿಗೆ ಇದನ್ನೇ. ತನಗೆ ಬಂದ ಸ್ವರಕ್ಕೆ ಅದು ತನ್ನ ಕಡೆಯಿಂದ ಒಂದಿಷ್ಟನ್ನು ಕೂಡಿಸುತ್ತದೆ. ಕೂಡಿಸಿದ್ದರಲ್ಲಿ ಹೆಚ್ಚಿನ ಪಾಲು ಎರಡನೆಯ ಅನುಸ್ವರ, ಎಂದರೆ ಅದೇ ಸ್ವರದ ಮೇಲಣ ಸ್ಥಾಯಿ. ಕಿವಿ ಅದನ್ನು ದೋಷವೆಂದು ಹಿಡಿಯದೆ ತುಂಬುತನವೆಂದು ಸ್ವಾಗತಿಸುತ್ತದೆ. ಏಳನೆಯ ಅನುಸ್ವರವನ್ನು ಕೂಡಿಸಿದ್ದರೆ ಈ ಸೌಜನ್ಯ ದೊರೆಯುತ್ತಿರಲಿಲ್ಲ. ಅದು ಕೈಶಿಕಿ ನಿಷಾದಕ್ಕಿಂತ ಕೆಳಗೆ ನಿಂತು ಯಾವ ಸ್ವರಸ್ಥಾನಕ್ಕೂ ಸಲ್ಲದೆ ಕರ್ಕಶವಾಗುತ್ತದೆ.

ಇಲ್ಲಿ ಭೌತವಿಜ್ಞಾನದ ಮಿತ್ರರೊಬ್ಬರು ನಮ್ಮನ್ನು ತಡೆಯುತ್ತಾರೆ. “ಹಾಡಿದವರು ಹಾಡದೆ ಇದ್ದುದನ್ನು ಕೂಡಿಸುವುದು ಸಿಹಿಯಾದರೂ ಸುಳ್ಳೇ ಅಲ್ಲವೆ?” ಎಂದು ಅವರ ಆಕ್ಷೇಪ. ಆಕ್ಷೇಪದಲ್ಲಿ ಬಲವುಂಟು. ಸ್ವರ ಒಂದೇ ಇರುವಾಗ ವಾಲ್ವಿನ ಕೊಡುಗೆ ಹಿತ. ಎರಡು ಸ್ವರಗಳು ಕೂಡಿದಾಗ ಅದೇ ಗುಣ ಅವುಗಳ ಮೊತ್ತವನ್ನೂ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. ಸೆಕೆಂಡಿಗೆ ೨೪೦ ಕಂಪನಗಳ ಷಡ್ಜವೂ ೩೬೦ರ ಪಂಚಮವೂ ಸೇರಿದರೆ ಬರುವ ೬೦೦, ೧೨೦ ಎಂಬ ಸಂಖ್ಯೆಗಳು ಗಾಂಧಾರ ಷಡ್ಜಗಳೇ ಆಗಿ ಒಗ್ಗಿಕೊಳ್ಳುತ್ತವೆ. ಪಂಚಮವನ್ನು ಬಿಟ್ಟು ೩೨೦ರ ಶುದ್ಧ ಮಧ್ಯಮವನ್ನು ಹಿಡಿದರೆ ಮೊತ್ತ ೫೬೦. ಅದು ಚತುಶ್ರುತಿ ರಿಷಭಕ್ಕೂ ಸಾಧಾರಣ ಗಾಂಧಾರಕ್ಕೂ ನಡುವೆ, ಯಾರ ಮನೆಗೂ ಸೇರದೆ ನಿಲ್ಲುತ್ತದೆ. ಚೆನ್ನಾಗಿ ಕಟ್ಟಿದ ಯಂತ್ರದಲ್ಲಿ ಈ ಕಲಬೆರಕೆ ನೂರರಲ್ಲಿ ಒಂದು ಭಾಗಕ್ಕಿಂತ ಬಹಳ ಕಡಮೆ ಎಂಬುದು ದಿಟ. ಆದರೂ ವಾಲ್ವು ಎಲ್ಲ ಸಂಗೀತಕ್ಕೂ ಸಮನಾಗಿ ಒಲಿಯುವುದಿಲ್ಲವೆಂಬುದೂ ಅಷ್ಟೇ ದಿಟ.

ಆದುದರಿಂದ ವಾದವನ್ನು ಬಿಟ್ಟು ಪರೀಕ್ಷೆಗೆ ತೊಡಗುವುದೇ ಲೇಸು. ನಮ್ಮ ಮನೆಯಲ್ಲಿ ವಾಲ್ವಿನದೊಂದು, ಟ್ರಾನ್ಸಿಸ್ಟರಿನದೊಂದು, ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ವೋಲ್ಟ್‌ಮಾಪಕದಿಂದ ಎರಡರ ಸದ್ದನ್ನೂ ಸಮಮಾಡಿದೆವು. ಸ್ವಲ್ಪ ಗಟ್ಟಿಯಾಗಿ ನುಡಿದದ್ದೇ ಇಂಪೆಂದು ತೋರುವುದು ಕಿವಿಯ ಸ್ವಭಾವವಾದ್ದರಿಂದ ಈ ಎಚ್ಚರಿಕೆ ಅವಶ್ಯ. ಯಾವುದು ನುಡಿಯುತ್ತಿದೆಯೆಂದು ಕೇಳುವವರಿಗೆ ತಿಳಿಯದಂತೆ ಮನೆಯವರೊಬ್ಬರು ಬದಲಾಯಿಸುತ್ತಿದ್ದರು. ಒಂಟಿ ವೀಣೆಯಲ್ಲಿ ನಾವು ಹೆಚ್ಚು ಸಲ ವಾಲ್ವನ್ನೇ ಮೆಚ್ಚಿದೆವು. ಹಾಡು, ಪಿಟೀಲು, ಮೃದಂಗ ಮೂರೂ ಕೂಡಿದ ಕಚೇರಿಯಲ್ಲಿ ಇದು ಇಂಥದೆಂದು ಗುರುತಿಸಲು ಯಾರಿಗೂ ಸಾಧ್ಯವಾಗಲಿಲ್ಲ. ನಮ್ಮ ತಾಯಿಯವರಂತೂ “ಎರಡರಲ್ಲಿಯೂ ಸಾಹಿತ್ಯ ಸ್ಪಷ್ಟವಾಗಿದೆ, ಇನ್ನು ತೊಂದರೆ ಕೊಡದೆ ಕೇಳಲು ಬಿಡಿ” ಎಂದರು. ಈ ಪರೀಕ್ಷೆಯಿಂದ ಯಾರ ಸಿದ್ಧಾಂತವೂ ಸ್ಥಾಪಿತವಾಗದು. ನಮ್ಮ ಅಭಿರುಚಿಯ ಎಲ್ಲೆ ಮಾತ್ರ ನಮಗೆ ತಿಳಿಯಿತು.

ಇನ್ನು ದಿನಬಳಕೆಯ ಮಾತು. ವಾಲ್ವಿನೊಡನೆ ಬಾಳುವವರಿಗೆ ಕೆಲವು ನಿಯಮಗಳುಂಟು. ಗುಂಡಿ ಒತ್ತಿದ ಕೂಡಲೇ ಅದು ಹಾಡುವುದಿಲ್ಲ. ಕ್ಯಾಥೋಡು ಕಾಯಲು ಅರ್ಧ ನಿಮಿಷವಾದರೂ ಬೇಕು. ಮೊದಲು ಪ್ರೀ-ಆಂಪ್ಲಿಫೈಯರನ್ನು ಹೊತ್ತಿಸಿ, ಅದು ನೆಲೆಗೊಂಡ ಬಳಿಕ ದೊಡ್ಡ ಆಂಪ್ಲಿಫೈಯರನ್ನು ಹೊತ್ತಿಸಬೇಕು. ಆರಿಸುವಾಗ ದೊಡ್ಡದು ಮೊದಲು. ಕ್ರಮ ತಪ್ಪಿದರೆ ಏಳುವ ಬಡಿತ ಗಾನಪೆಟ್ಟಿಗೆಯ ಪೊರೆಯನ್ನು ಕೆಡಿಸಬಹುದು. ನಮ್ಮೂರುಗಳಲ್ಲಿ ವಿದ್ಯುತ್ತು ಹೇಳದೆ ಹೋಗಿ ಕೇಳದೆ ಬರುವುದರಿಂದ ಈ ಕ್ರಮವನ್ನು ಮನೆಮಂದಿಯೆಲ್ಲ ತಿಳಿದಿರತಕ್ಕದ್ದು. ವೋಲ್ಟು ಮಿತಿಮೀರಿದರೆ ವಾಲ್ವಿನ ಕಾವೂ ಮಿತಿಮೀರಿ ಆಯುಸ್ಸು ಕುಗ್ಗುತ್ತದೆ. ಒಂದು ಸ್ಟೆಬಿಲೈಜರು ಇರುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾದುದು ಜೀವದ ಮಾತು. ಈ ಪೆಟ್ಟಿಗೆಯೊಳಗೆ ಇನ್ನೂರು ಮುನ್ನೂರು ವೋಲ್ಟುಗಳ ವಿದ್ಯುತ್ತಿದೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಅದು ಕೆಪಾಸಿಟರುಗಳಲ್ಲಿ ಅಡಗಿರಬಲ್ಲುದು. ಮುಚ್ಚಳವನ್ನು ತೆಗೆಯುವುದು ಬಲ್ಲವರ ಕೆಲಸ. ಮಕ್ಕಳಿರುವ ಮನೆಯಲ್ಲಿ ಪೆಟ್ಟಿಗೆ ಎತ್ತರದಲ್ಲಿರಬೇಕು.

ವಾಲ್ವು ಮುದಿಯಾಗುವುದೂ ಉಂಟು. ಸಾಮಾನ್ಯವಾಗಿ ಕೆಲವು ಸಾವಿರ ಗಂಟೆಗಳು ಅದರ ಬಾಳು. ಐದು ಸಾವಿರವೆಂದು ಇಟ್ಟುಕೊಂಡರೂ ದಿನಕ್ಕೆ ಮೂರು ಗಂಟೆಯಂತೆ ನಾಲ್ಕೂವರೆ ವರ್ಷ ಕೇಳಬಹುದು. ಬುರುಡೆಯ ಒಳಗೆ ಬೆಳ್ಳಿಯಂತೆ ಹೊಳೆಯುವ ಲೇಪ ಹಾಲಿನಂತೆ ಬೆಳ್ಳಗಾದರೆ ಗಾಳಿ ಹೊಕ್ಕಿತೆಂದು ಅರ್ಥ; ಆಮೇಲೆ ಅದು ನಿಷ್ಪ್ರಯೋಜಕ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಗಾನಪೆಟ್ಟಿಗೆಯಲ್ಲಿ ಗಂಟೆ ಬಾರಿಸಿದಂತೆ ಕೇಳುವ ವಾಲ್ವನ್ನು ತಟ್ಟೆಯ ಕೆಲಸಕ್ಕೆ ಹಚ್ಚಬಾರದು. ರಷ್ಯ, ಸ್ಲೊವಾಕಿಯ, ಚೀನ ದೇಶಗಳಲ್ಲಿ ಹೊಸ ವಾಲ್ವುಗಳು ಈಗಲೂ ತಯಾರಾಗುತ್ತಿರುವುದರಿಂದ ಬದಲಿಗೆ ಕೊರತೆಯಿಲ್ಲ. ಆದರೆ ಇಂದೊಂದು ನಾಳೆಯೊಂದು ಹಾಕಿ ತೆಗೆಯುವ ಚಟಕ್ಕೆ ಬಿದ್ದವರು ರಾಗವನ್ನು ಬಿಟ್ಟು ಬುರುಡೆಯನ್ನು ಕೇಳತೊಡಗುತ್ತಾರೆ. ತಿಂಗಳ ಜೇಬಿಗೂ ಅದು ಕ್ಷೇಮವಲ್ಲ.

ಹಾಗಾದರೆ ನಮ್ಮ ತೀರ್ಮಾನವೇನು? ಹಳೆಯ ಮುದ್ರಿಕೆಗಳಿಗೆ ಹಳೆಯ ವಾಲ್ವೇ ನ್ಯಾಯವೆಂಬ ವಾದವನ್ನು ನಾವು ಒಪ್ಪುವುದಿಲ್ಲ. ೧೯೨೫ರಲ್ಲಿ ವಿದ್ಯುತ್ ಧ್ವನಿಮುದ್ರಣ ಮೊದಲಾದಂದಿನಿಂದ ಹಲವು ದಶಕಗಳ ಮುದ್ರಿಕೆಗಳು ವಾಲ್ವುಗಳನ್ನು ಹಾದೇ ಬಂದಿವೆ. ಅವಕ್ಕೆ ಇನ್ನೊಂದು ವಾಲ್ವನ್ನು ಕೂಡಿಸುವುದರಿಂದ ಹಾಡಿದವರ ಕಂಠ ಹೆಚ್ಚು ಹತ್ತಿರಕ್ಕೆ ಬರುವುದೆಂಬ ನಿಯಮವೇನೂ ಇಲ್ಲ. ಹೊಸದಾಗಿ ಯಂತ್ರ ಕೊಳ್ಳುವವರು ಮೊದಲ ಹಣವನ್ನು ಒಳ್ಳೆಯ ಗಾನಪೆಟ್ಟಿಗೆಗೆ ಹಾಕಲಿ. ನಾದದ ರೂಪ ಅಲ್ಲಿ ಬದಲಾಗುವಷ್ಟು ಪ್ರೀ-ಆಂಪ್ಲಿಫೈಯರಿನಲ್ಲಿ ಬದಲಾಗದು. ಅದಾದ ಮೇಲೂ ಸಾಮರ್ಥ್ಯವಿದ್ದು, ಕಿವಿಗೆ ಹಿಡಿಸಿದರೆ, ಕಣ್ಣುಮುಚ್ಚಿ ಪರೀಕ್ಷಿಸಿದ ಬಳಿಕ ವಾಲ್ವನ್ನು ಮನೆಗೆ ತರಲಿ. ಅದು ಕೂಡಿಸುವುದೇನೆಂಬುದನ್ನು ಅರಿತು ಒಲಿದವರನ್ನು ಯಾರೂ ಮೋಸಹೋದವರೆನ್ನಲಾರರು. ನಾವು ನಮ್ಮದನ್ನು ವೀಣೆಯ ತಟ್ಟೆಗಳಿಗಾಗಿ ಇಟ್ಟುಕೊಂಡಿದ್ದೇವೆ. ಉಳಿದುದನ್ನು ಟ್ರಾನ್ಸಿಸ್ಟರಿನಲ್ಲಿ ಕೇಳುತ್ತೇವೆ. ಶ್ರೋತೃಗಳು ತಮ್ಮ ತಮ್ಮ ಕಿವಿಯನ್ನೇ ಪ್ರಮಾಣವಾಗಿ ಹಿಡಿದು ನಿರ್ಣಯಿಸಬೇಕೆಂದು ಕೋರಿ ಈ ಮಾತನ್ನು ಇಲ್ಲಿಗೆ ಮುಗಿಸುತ್ತೇವೆ.